ಚೆಕ್ಕು ಬಂತು, ನಮ್ಮ ಪಾಲು ಇಳಿಯಲಿಲ್ಲ: ಹುಬ್ಬಳ್ಳಿಯ ಒಂದು ವಿದೇಶ ಶಿಕ್ಷಣ ಕೇಂದ್ರದ ಸೇವೆ ಹೇಗಿತ್ತು

ವಿದ್ಯಾನಗರದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿರುವ ಈ ಕೇಂದ್ರಕ್ಕೆ ನಾನು, ನನ್ನ ಮಗಳು ಹದಿನಾಲ್ಕು ತಿಂಗಳು ಅಡ್ಡಾಡಿದ್ದೇವೆ. ನವನಗರದಲ್ಲಿ ಚಿಗರಿ ಬಸ್ ಹತ್ತಿದರೆ ಅರ್ಧ ತಾಸಿನೊಳಗೆ ಅಲ್ಲಿ. ಕೇಂದ್ರದ ಹೆಸರು ಬರೆಯುವುದಿಲ್ಲ. ಅಲ್ಲಿನ ಇಬ್ಬರು ಹುಡುಗರು ನನ್ನ ಮಗಳಿಗೆ ಮನಸ್ಸಿಟ್ಟು ಸಹಾಯ ಮಾಡಿದ್ದಾರೆ. ಮತ್ತೆ, ನಾನು ಹೇಳಹೊರಟ ತಪ್ಪು, ಅಂದರೆ ಹೊರಗಿನ ಸ್ಕಾಲರ್ಶಿಪ್ ಬಂದಷ್ಟೂ ಮನೆಯವರು ಕಟ್ಟುವ ಪಾಲು ಇಳಿಯುತ್ತದೆ ಅನ್ನುವ ಮಾತು, ಅವರೊಬ್ಬರದೇ ಅಲ್ಲ. ಆಮೇಲೆ ಊರಲ್ಲಿ ಇನ್ನೆರಡು ಕಡೆ ವಿಚಾರಿಸಿದಾಗಲೂ ಅದೇ ಉತ್ತರ ಬಂತು. ಈ ಸಲ ಮಕ್ಕಳನ್ನು ಪದವಿ ಓದಿಗೆ ಅಮೆರಿಕಕ್ಕೆ ಕಳಿಸುವ ತಯಾರಿಯಲ್ಲಿರುವ ತಂದೆ ತಾಯಿ ರೊಕ್ಕ ಕಟ್ಟುವ ಮೊದಲು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಾನು ಅಮರಗೋಳದ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ 19 ವರ್ಷದಿಂದ ಲೆಕ್ಕ ಬರೆಯುತ್ತೇನೆ. ನಮ್ಮ ಮನೆಯವರು ಗೋಕುಲ ರೋಡಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಾರೆ. ಇಬ್ಬರದೂ ಸೇರಿ ವರ್ಷಕ್ಕೆ 6,80,000 ರೂಪಾಯಿ. ಇದರ ಮೇಲೆ ಮಗಳು ಅಮೆರಿಕದಲ್ಲಿ ಪದವಿ ಓದುತ್ತೇನೆ ಅಂದಾಗ ಮನೆಯಲ್ಲಿ ಯಾರೂ ನಗಲಿಲ್ಲ. ಅವಳು ಧಾರವಾಡದಲ್ಲಿ ಪಿಯುಸಿ ಓದುತ್ತಲೇ ಒಬ್ಬಳೇ ಕೂತು ಹುಡುಕಿದ್ದಳು: ಮನೆಯ ಪರಿಸ್ಥಿತಿ ನೋಡಿ ನೆರವು ಕೊಡುವ ಕಾಲೇಜುಗಳು ಅಲ್ಲಿ ಇವೆ, ಕೆಲವು ಹೊರದೇಶದ ಮಕ್ಕಳಿಗೂ ಪೂರ್ತಿ ಕೊರತೆ ತುಂಬಿಕೊಡುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್‌ನಂಥ ಬೆರಳೆಣಿಕೆಯ ಕಡೆ ನಮ್ಮ ಮಕ್ಕಳಿಗೆ ಸೀಟು ಕೊಡುವಾಗಲೂ ರೊಕ್ಕದ ಅಗತ್ಯ ನೋಡುವುದಿಲ್ಲ. ಉಳಿದ ಬಹಳಷ್ಟು ಕಡೆ ನೋಡುತ್ತಾರೆ. ಅವಳಿಗೆ ಸಿಕ್ಕಿದ್ದು ಪೂರ್ವ ಭಾಗದ ಒಂದು ಚಿಕ್ಕ ಕಾಲೇಜು.

ಕೇಂದ್ರದವರ ಶುಲ್ಕ 85,000 ರೂಪಾಯಿ, ಮೂರು ಕಂತು. ಅದರ ಮೇಲೆ ‘ಸ್ಕಾಲರ್ಶಿಪ್ ಪ್ಯಾಕೇಜ್’ ಅಂತ ಬೇರೆ 15,000.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಪ್ರಬಂಧ ತಿದ್ದುವ ಹುಡುಗ ಅವಳ ಇಂಗ್ಲಿಷನ್ನು ತಿದ್ದಿದ, ಅವಳ ಮಾತನ್ನು ಅಳಿಸಲಿಲ್ಲ. ನವಲಗುಂದ ಕಡೆ ನಮ್ಮ ಮಾವನವರ ಎರಡು ಎಕರೆ ಎರಿ ಹೊಲದಲ್ಲಿ ಹೆಸರುಕಾಯಿ ಬಿಡಿಸಿದ್ದರ ಬಗ್ಗೆ ಅವಳು ಬರೆದದ್ದನ್ನು ಹಾಗೇ ಉಳಿಸಿದ. ವೀಸಾ ಸಂದರ್ಶನದ ಅಭ್ಯಾಸವನ್ನು ಆರು ಸಲ ಮಾಡಿಸಿದರು, ಆರನೆಯ ಸಲ ನನ್ನನ್ನೂ ಕೂಡಿಸಿಕೊಂಡರು. ಅದಕ್ಕೆ ಕೊಟ್ಟ ರೊಕ್ಕದ ಬಗ್ಗೆ ನನಗೆ ಹಳಹಳಿ ಇಲ್ಲ.

ಸಿಎಸ್‌ಎಸ್ ಪ್ರೊಫೈಲ್ ತುಂಬುವಾಗಲೂ ಕೈ ಹಿಡಿದರು. ಇದು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅಮೆರಿಕದ ಪೌರರು ಸರಕಾರದ ನೆರವಿಗೆ ಎಫ್‌ಎಎಫ್‌ಎಸ್‌ಎ ಎಂಬ ಅರ್ಜಿ ತುಂಬುತ್ತಾರೆ. ನಮ್ಮ ಮಕ್ಕಳಿಗೆ ಆ ಸರಕಾರದ ದುಡ್ಡು ಇಲ್ಲ, ಏನಿದ್ದರೂ ಕಾಲೇಜು ತನ್ನ ಗಂಟಿನಿಂದ ಕೊಡಬೇಕು. ಅದಕ್ಕಾಗಿ ಬಹಳ ಕಾಲೇಜುಗಳು ಕೇಳುವುದು ಸಿಎಸ್‌ಎಸ್ ಪ್ರೊಫೈಲ್. ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಒಂದೊಂದಕ್ಕೂ 16. ನಾವು ಎಂಟು ಕಾಲೇಜಿಗೆ ಕಳಿಸಿದ್ದು, 137 ಡಾಲರ್ ಆಯಿತು. ಅದರಲ್ಲಿ ಸಂಬಳ, ಬ್ಯಾಂಕಿನಲ್ಲಿರುವುದು, ಮನೆಯ ಬೆಲೆ, ಮನೆ ಮೇಲಿನ ಸಾಲ, ಬೇರೆ ಆಸ್ತಿ ಎಲ್ಲ ಬರೆಯಬೇಕು. ಹೊಲದ ಉತಾರ (ಪಹಣಿ) ತಂದೆವು. ಅದರಲ್ಲಿ ಮಾವನವರ ಹೆಸರು, ಅವರ ತಮ್ಮಂದಿರ ಹೆಸರು, ಒಟ್ಟು ಐದು ಮಂದಿ. ನಮ್ಮ ಪಾಲು ಎಷ್ಟು ಅಂತ ಬರೆಯುವುದು? ಕೇಂದ್ರದ ಹುಡುಗಿ ಉತಾರವನ್ನು ಇಂಗ್ಲಿಷಿಗೆ ಇಳಿಸಿ, ಹೊಲ ಇನ್ನೂ ವಾಟ್ನಿ (ಪಾಲು) ಆಗಿಲ್ಲ, ಮಳೆ ನಂಬಿದ ಬೇಸಾಯ, ಇಂತಿಷ್ಟು ಬರುತ್ತದೆ ಅಂತ ಒಂದು ಪುಟದ ವಿವರಣೆ ಬರೆದಳು. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅನುವಾದಕ್ಕೆ ನೋಟರಿ ಮಾಡಿಸಿಕೊಟ್ಟಳು. ನಾನೊಬ್ಬಳೇ ಆಗಿದ್ದರೆ ಇಲ್ಲೇ ಸೋಲುತ್ತಿದ್ದೆ.

ಮಾರ್ಚಿ ಕೊನೆಗೆ ಸೀಟು ಬಂತು, ಜೊತೆಗೆ ನೆರವಿನ ಪತ್ರ. ಅಂಕಿಗಳು ಇವು. ಒಂದು ವರ್ಷದ ಒಟ್ಟು ಖರ್ಚು 84,000 ಡಾಲರ್. ಇದರಲ್ಲಿ ಶುಲ್ಕ, ವಸತಿ, ಊಟ, ಪುಸ್ತಕ, ಕೈಖರ್ಚು ಎಲ್ಲ ಸೇರಿತು. ಕಾಲೇಜಿನ ಅನುದಾನ 78,500. ಮಗಳು ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಿ ಗಳಿಸಬೇಕಾದದ್ದು 2,500. ನಮ್ಮ ಮನೆಯಿಂದ 3,000. ಆಗ ಡಾಲರಿಗೆ ಸುಮಾರು 86 ರೂಪಾಯಿ, ಅಂದರೆ ನಮ್ಮ ಪಾಲು 2,58,000. ವಿಮಾನ, ವೀಸಾ ಬೇರೆ. ವೀಸಾ ಅರ್ಜಿಗೆ 185 ಡಾಲರ್, ಸೆವಿಸ್ ಅಂತ ಇನ್ನೊಂದು 350.

ಸ್ಕಾಲರ್ಶಿಪ್ ಪ್ಯಾಕೇಜಿನ ಸಂಗತಿ ಶುರುವಾಗುವುದು ಇಲ್ಲಿಂದ. 15,000ಕ್ಕೆ ಕೊಟ್ಟದ್ದು ನಲವತ್ತು ಹೆಸರಿನ ಒಂದು ಪಟ್ಟಿ ಮತ್ತು ಒಂದು ತಾಸಿನ ಮಾತು. ಪಟ್ಟಿಯಲ್ಲಿ ಜೆ. ಎನ್. ಟಾಟಾ ಎಂಡೋಮೆಂಟ್ ಇತ್ತು, ಇನ್‌ಲ್ಯಾಕ್ಸ್ ಇತ್ತು, ಕೆ. ಸಿ. ಮಹೀಂದ್ರ ಇತ್ತು. ದೊಡ್ಡ ಹೆಸರುಗಳೇ. ಟಾಟಾ ಅವರದು 1892ರಿಂದ ನಡೆದುಬಂದದ್ದು. ಆದರೆ ಇವು ಮೂರೂ ಪದವಿ ಮುಗಿಸಿ ಮುಂದೆ ಓದುವವರಿಗೆ. ಪಿಯುಸಿ ಮುಗಿಸಿದ ಹುಡುಗಿಗೆ ಈ ಪಟ್ಟಿ ಯಾಕೆ ಕೊಟ್ಟರು?

ಕೊನೆಗೆ ನಮಗೆ ನೆರವಾದದ್ದು ಪಟ್ಟಿಯಲ್ಲಿ ಇಲ್ಲದ ಒಂದು ಟ್ರಸ್ಟ್, ನಮ್ಮ ಸಮಾಜದ್ದೇ. ಮಂಗಲ ಕಾರ್ಯಾಲಯದಲ್ಲಿ ಕಾರ್ಯಕ್ರಮ ಇಟ್ಟು ಮಗಳಿಗೆ ಶಾಲು ಹೊದಿಸಿ ಮೂರು ಲಕ್ಷದ ಚೆಕ್ ಕೊಟ್ಟರು. ಹತ್ತಿರ ಹತ್ತಿರ 3,500 ಡಾಲರ್. ನಾನು ಮುಂದಿನ ಸಾಲಿನಲ್ಲಿ ಕೂತು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಮ್ಮ ಪಾಲು 3,000. ಅದು ಪೂರ್ತಿ ಹರಿಯಿತು, ಐನೂರು ಡಾಲರ್ ಮೇಲೆ ಉಳಿಯಿತು. ಹಾಗೆ ಲೆಕ್ಕ ಹಾಕಲು ನನಗೆ ಕಾರಣವಿತ್ತು. ಕೇಂದ್ರದ ಹಿರಿಯ ಸಲಹೆಗಾರರು ಹೇಳಿದ ಮಾತನ್ನು ನಾನು ಡೈರಿಯಲ್ಲಿ ಬರೆದುಕೊಂಡಿದ್ದೆ: “ಅಕ್ಕಾರ, ಎಷ್ಟು ಸ್ಕಾಲರ್ಶಿಪ್ ಬರ್ತಾವು ಅಷ್ಟೂ ತಗೋರಿ. ಬಂದಷ್ಟೂ ನಿಮ್ಮ ಪಾಲಿನ್ಯಾಗ ಕಮ್ಮಿ ಆಕ್ಕೈತ್ರಿ.” ಆ ಧೈರ್ಯದ ಮೇಲೆ, ಬ್ಯಾಂಕಿನಲ್ಲಿ ಬಂಗಾರ ಒತ್ತೆ ಇಡಲು ತೆಗೆದಿಟ್ಟ ಎರಡು ಬಳೆಗಳನ್ನು ತಿರುಗಿ ಟ್ರಂಕಿನಲ್ಲಿ ಇಟ್ಟೆ.

ಹೊರಗಿನಿಂದ ಬಂದ ನೆರವನ್ನು ಕಾಲೇಜಿಗೆ ತಿಳಿಸಬೇಕು ಅಂತ ನೆರವಿನ ಪತ್ರದಲ್ಲೇ ಬರೆದಿತ್ತು. ಮಗಳು ಮೇ ತಿಂಗಳಲ್ಲಿ ತಿಳಿಸಿದಳು. ಜೂನಿನಲ್ಲಿ ತಿದ್ದಿದ ಪತ್ರ ಬಂತು. ರಾತ್ರಿ ಊಟಕ್ಕೆ ಕೂತಾಗ ಫೋನು ನನ್ನ ಮುಂದೆ ಹಿಡಿದಳು.

“ಅವ್ವಾ, ಇಲ್ಲಿ ನೋಡು. ನಮ್ಮ ಅಂಕಿ ಇದ್ದಂಗ ಐತಿ. ಅವರದು ಇಳದೈತಿ.”

ಕ್ಯಾಂಪಸ್ ಕೆಲಸದ 2,500 ಸೊನ್ನೆ ಆಗಿತ್ತು. ಅನುದಾನ 78,500 ಇದ್ದದ್ದು 77,500 ಆಗಿತ್ತು. ಟ್ರಸ್ಟಿನ 3,500 ಹೊಸ ಸಾಲಿನಲ್ಲಿ ಬಂದು ಕೂತಿತ್ತು. ಕೆಳಗೆ ನಮ್ಮ ಮನೆಯ ಪಾಲು 3,000, ಒಂದು ಸೆಂಟೂ ಅಲುಗಿರಲಿಲ್ಲ. ಕೂಡಿಸಿ ನೋಡಿದೆ, 84,000 ಸರಿಯಾಗಿ ಬಂತು. ಲೆಕ್ಕ ತಾಳೆ ಆದರೂ ಎದೆ ಧಸಕ್ಕಂತು. ಶುಲ್ಕ ಕಟ್ಟಲು ಐದು ವಾರ ಇತ್ತು, ನನ್ನ ಕೈಯಲ್ಲಿ 2,58,000 ಇರಲಿಲ್ಲ.

ಇದು ಯಾಕೆ ಹೀಗೆ ಅಂತ ಆಮೇಲೆ ನಾನು ಮತ್ತು ಮಗಳು ನಾಲ್ಕು ರಾತ್ರಿ ಕೂತು ತಿಳಿದುಕೊಂಡೆವು. ಅಗತ್ಯ ನೋಡಿ ಕೊಡುವ ನೆರವಿನಲ್ಲಿ ಕಾಲೇಜು ಮೊದಲು ನಮ್ಮ ಶಕ್ತಿಯನ್ನು ಅಳೆಯುತ್ತದೆ: ಈ ಮನೆ ವರ್ಷಕ್ಕೆ 3,000 ಕೊಡಬಲ್ಲದು. ಒಟ್ಟು ಖರ್ಚಿನಲ್ಲಿ ಅದನ್ನು ಕಳೆದರೆ ಉಳಿದದ್ದು ಕೊರತೆ. ನಮ್ಮದು 81,000. ಕಾಲೇಜು ಒಪ್ಪಿಕೊಂಡದ್ದು ಆ ಕೊರತೆಯನ್ನು ತುಂಬಲು. ಟ್ರಸ್ಟಿನ ದುಡ್ಡು ಬಂದಾಗ ಅವರ ಕಣ್ಣಿಗೆ ಕೊರತೆಯ ಒಂದು ತುಂಡು ಬೇರೆ ಕಡೆಯಿಂದ ತುಂಬಿತು. ನಮ್ಮ ಮನೆಯ ಸಂಬಳ ಅದರಿಂದ ಕಡಿಮೆ ಆಗಲಿಲ್ಲವಲ್ಲ, ಹೀಗಾಗಿ ನಮ್ಮ ಪಾಲು ನಿಂತಲ್ಲೇ ನಿಂತಿತು. ಉಳಿದದ್ದು, ಬಂದ ದುಡ್ಡನ್ನು ಯಾವ ಕಲಮಿನಲ್ಲಿ ವಜಾ ಹಿಡಿಯುತ್ತಾರೆ ಎಂಬುದು. ಕೆಲವು ಕಾಲೇಜು ಮೊದಲು ವಿದ್ಯಾರ್ಥಿಯ ಸಾಲ ಮತ್ತು ಕೆಲಸದ ಗಳಿಕೆಯನ್ನು ತೆಗೆದು, ಅದು ಮುಗಿದ ಮೇಲೆ ಅನುದಾನಕ್ಕೆ ಕೈ ಹಾಕುತ್ತವೆ. ನಮ್ಮದು ಆ ಬಗೆಯದು. ಕೆಲವು ನೇರವಾಗಿ ಅನುದಾನವನ್ನೇ ಕಡಿಯುತ್ತವೆ, ಆಗ ಹುಡುಗಿಗೂ ಲಾಭವಿಲ್ಲ, ಮನೆಗೂ ಇಲ್ಲ.

ಮಾರ್ಕ್ಸ್ ನೋಡಿ ಕೊಡುವ ಸ್ಕಾಲರ್ಶಿಪ್ ಇದ್ದರೆ ಕಥೆ ಬೇರೆ. ಅಲ್ಲಿ ಮನೆಯ ಅಳತೆ ಇಲ್ಲ, ಹೊರಗಿನ ದುಡ್ಡು ಸಾಮಾನ್ಯವಾಗಿ ಅದರ ಮೇಲೆ ಸೇರುತ್ತದೆ, ಒಟ್ಟು ಖರ್ಚನ್ನು ದಾಟದಿದ್ದರಾಯಿತು. ಎಂ.ಎಸ್. ಓದಲು ಸಾಲ ತೆಗೆದು ಹೋಗುವವರಿಗೂ ಹಾಗೇ. ಹೊರಗಿನಿಂದ ಬಂದಷ್ಟು ಸಾಲ ಇಳಿಯುತ್ತದೆ. ಹುಬ್ಬಳ್ಳಿಯ ಕೇಂದ್ರಗಳು ವರ್ಷವಿಡೀ ಕಳಿಸುವುದು ಹೆಚ್ಚಾಗಿ ಇಂಥ ಹುಡುಗರನ್ನೇ. ಸಲಹೆಗಾರರು ನನಗೆ ಹೇಳಿದ ಮಾತು ಅವರ ಪಾಲಿಗೆ ಖರೆ. ಅದನ್ನೇ ಎತ್ತಿ ನಮ್ಮ ಲೆಕ್ಕಕ್ಕೆ ಹಚ್ಚಿದರು, ನಮ್ಮ ನೆರವಿನ ಪತ್ರವನ್ನು ಪೂರ್ತಿ ಓದಲಿಲ್ಲ. ಅವರಿಗೆ ಕೆಟ್ಟ ಮನಸ್ಸು ಇತ್ತು ಅಂತ ನಾನು ಹೇಳಲಾರೆ. ಆದರೆ 15,000 ಇಸಕೊಂಡದ್ದು ಆ ಓದಿಗಾಗಿಯೇ ಅಲ್ಲವೇ? ನಮ್ಮ ಅಂಗಡಿಯಲ್ಲಿ ಮೆಣಸಿನಕಾಯಿ ತಂದ ರೈತನಿಗೆ ಪಟ್ಟಿ ಕೊಡುವಾಗ ಹಮಾಲಿ ಇಷ್ಟು, ತೂಕದ್ದು ಇಷ್ಟು ಅಂತ ಒಂದೊಂದನ್ನೂ ಬರೆದೇ ಕೊಡುತ್ತೇನೆ. ಆತ ಚೀಲ ಇಳಿಸುವ ಮೊದಲು ಕೇಳಿದರೆ ಮೊದಲೇ ಹೇಳುತ್ತೇನೆ. ನಾನು ಕೇಂದ್ರದವರಿಂದ ಅಪೇಕ್ಷಿಸಿದ್ದು ಅಷ್ಟನ್ನೇ.

ಪತ್ರ ಹಿಡಿದುಕೊಂಡು ಮರುದಿನ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಅಲ್ಲಿ ಕೇಳಿದ ಮಾತು ನನ್ನನ್ನು ಇನ್ನೂ ನೋಯಿಸುತ್ತದೆ.

“ಕಾಲೇಜಿನವರಿಗೆ ಯಾಕ್ ಹೇಳಿದ್ರಿ ಅಕ್ಕಾರ? ಚೆಕ್ ನಿಮ್ಮ ಖಾತೇಕ್ಕ ಬಂದಿತ್ತು. ಅವರಿಗೇನ್ ಗೊತ್ತಾಕ್ಕಿತ್ತು?”

ಇದೇ ಸಲಹೆಗಾರರು ಟ್ರಸ್ಟಿನ ಪತ್ರವನ್ನು ವೀಸಾ ಫೈಲಿನಲ್ಲಿ ಎಲ್ಲಕ್ಕೂ ಮೇಲೆ ಹಚ್ಚಿಸಿದ್ದರು. ಕಾಲೇಜು ಕೊಡುವ ಐ-20 ಎಂಬ ಕಾಗದದಲ್ಲಿ ಮನೆಯ ದುಡ್ಡು ಎಷ್ಟು, ಕಾಲೇಜಿನದು ಎಷ್ಟು, ಬೇರೆಯವರದು ಎಷ್ಟು ಅಂತ ಬೇರೆ ಬೇರೆ ಸಾಲು ಇರುತ್ತದೆ. ಕಾಲೇಜಿನಿಂದ ಮುಚ್ಚಿಟ್ಟು ಕಾನ್ಸುಲೇಟಿನಲ್ಲಿ ತೋರಿಸಿದರೆ ಆ ಎರಡು ಕಾಗದ ಒಂದಕ್ಕೊಂದು ಹೊಂದುವುದು ಹೇಗೆ? ಅದು ಬಿಡಿ. ಹದಿನೆಂಟು ವರ್ಷದ ಹುಡುಗಿಯ ಕೈಯಿಂದ, ಅವಳ ಮೊದಲ ಸಹಿಯಲ್ಲೇ, ಸುಳ್ಳು ಬರೆಸುವುದು ನನಗೆ ಆಗದು. ಎಪ್ಪತ್ತೆಂಟು ಸಾವಿರ ಡಾಲರ್ ಕೊಡುತ್ತೇವೆ ಅಂತ ಮುಖ ನೋಡದೆ ನಂಬಿದವರಿಗೆ ನಾವು ಮೂರೂವರೆ ಸಾವಿರ ಮುಚ್ಚಿಡಬೇಕೇ? “ಹಂಗ್ ಮಾಡಾಂಗಿಲ್ರಿ” ಅಂತ ಹೇಳಿ ಎದ್ದು ಬಂದೆ.

ದಾರಿ ತೆಗೆದವಳು ಮಗಳೇ. ಕಾಲೇಜಿನ ನೆರವಿನ ಕಚೇರಿಗೆ ಒಂದು ಮೇಲ್ ಬರೆದಳು. ತಕರಾರಿನ ಮಾತಿಲ್ಲ, ನಾಲ್ಕು ಪ್ರಶ್ನೆ. ಹೊರಗಿನ ದುಡ್ಡಿನಿಂದ ಯಾವ ಕ್ರಮದಲ್ಲಿ ಏನು ಇಳಿಯುತ್ತದೆ? ಲ್ಯಾಪ್‌ಟಾಪ್ ಕೊಳ್ಳುವ ಖರ್ಚನ್ನು ಒಟ್ಟು ಖರ್ಚಿಗೆ ಸೇರಿಸಬಹುದೇ? ಈ ಟ್ರಸ್ಟಿನ ದುಡ್ಡು ಒಂದೇ ವರ್ಷದ್ದು, ಎರಡನೇ ವರ್ಷ ಅನುದಾನ ಮೊದಲಿನ ಮಟ್ಟಕ್ಕೆ ಬರುತ್ತದೆಯೇ? ಮನೆಯ ಪಾಲನ್ನು ಒಮ್ಮೆಲೆ ಕಟ್ಟುವ ಬದಲು ಕಂತಿನಲ್ಲಿ ಕಟ್ಟಬಹುದೇ?

ಮೂರು ದಿನಕ್ಕೆ ಉತ್ತರ ಬಂತು. ಕಂಪ್ಯೂಟರಿಗಾಗಿ ಒಂದು ಸಲ 1,000 ಡಾಲರ್ ಖರ್ಚಿಗೆ ಸೇರಿಸಿದರು. ಒಟ್ಟು 85,000 ಆಯಿತು, ಕಡಿದ ಸಾವಿರ ಅನುದಾನಕ್ಕೆ ಮರಳಿ ಬಂತು. ಎರಡನೇ ವರ್ಷ ಹೊರಗಿನ ದುಡ್ಡು ಇಲ್ಲದಿದ್ದರೆ ಅದನ್ನು ನೋಡಿಯೇ ಹೊಸದಾಗಿ ಲೆಕ್ಕ ಹಾಕುತ್ತೇವೆ, ಕ್ಯಾಂಪಸ್ ಕೆಲಸದ 2,500 ಆಗ ಮತ್ತೆ ಸೇರುತ್ತದೆ ಅಂದರು. ನಮ್ಮ 3,000ವನ್ನು ತಿಂಗಳ ಕಂತು ಮಾಡಿಕೊಟ್ಟರು. ಬಳೆ ಟ್ರಂಕಿನಿಂದ ಹೊರಗೆ ಬಂತು, ಆದರೆ ಒಂದೇ ಬಳೆ. ಇಷ್ಟು ಕೆಲಸಕ್ಕೆ ಹಿಡಿದದ್ದು ಅರ್ಧ ಪುಟದ ಮೇಲ್, ಖರ್ಚು ಏನೂ ಇಲ್ಲ.

ಟ್ರಸ್ಟಿನ ಹಿರಿಯರೊಬ್ಬರು ಸುದ್ದಿ ಕೇಳಿ ಮನೆಗೆ ಬಂದರು. ಚಹಾ ಲೋಟ ಕೆಳಗಿಟ್ಟು ಕೇಳಿದರು, “ಅಂದ್ರ ನಮ್ಮ ಮೂರು ಲಕ್ಷ ಆ ಕಾಲೇಜಿನ ತಿಜೋರಿಗೆ ಹೋತೇನವಾ?” ಆ ಪ್ರಶ್ನೆಗೆ ನನಗೆ ತಕ್ಷಣ ಮಾತು ಬರಲಿಲ್ಲ. ಅವರು ಅಂಗಡಿ ಅಂಗಡಿ ತಿರುಗಿ, ಒಬ್ಬೊಬ್ಬರಿಂದ ಐನೂರೋ ಸಾವಿರವೋ ಕೂಡಿಸಿದ ದುಡ್ಡು ಅದು. ನಾನು ಎರಡೂ ಪತ್ರ ಮುಂದಿಟ್ಟು ಸಾಲು ಸಾಲು ಕನ್ನಡದಲ್ಲಿ ಓದಿ ಹೇಳಿದೆ: ಕಾಕಾ, ಇಲ್ಲಿ ನೋಡ್ರಿ, ಹುಡುಗಿ ಮೊದಲ ವರ್ಷ ಊಟದ ಮನೆಯಲ್ಲಿ ತಟ್ಟೆ ಎತ್ತಿ ಗಳಿಸಬೇಕಾಗಿದ್ದ 2,500 ನಿಮ್ಮ ದುಡ್ಡಿನಿಂದ ಹೋತು, ಅಷ್ಟು ತಾಸು ಓದಾಕ ಸಿಕ್ತು. ಸಾವಿರದಾಗ ಲ್ಯಾಪ್‌ಟಾಪ್ ಬಂತು. ಅವರು ಎರಡನೇ ಸಲ ಓದಿಸಿದರು. ಆಮೇಲೆ ಕೇಳಿದ್ದು ಒಂದೇ ಮಾತು: “ಇದನ್ನ ಮೊದಲ ಹೇಳಿದ್ರ ನಾವು ಎರಡು ವರ್ಷಕ್ಕ ಹಂಚಿ ಕೊಡ್ತಿದ್ವಿ ಅಲ್ಲ?” ಹೌದು. ಎರಡು ವರ್ಷಕ್ಕೆ ಹಂಚಿದ್ದರೆ ವರ್ಷಕ್ಕೆ 1,750, ಎರಡೂ ವರ್ಷ ಕೆಲಸದ ಸಾಲಿನೊಳಗೇ ಕೂಡುತ್ತಿತ್ತು, ಅನುದಾನ ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ. ಟ್ರಸ್ಟ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಚೆಕ್ ಬರೆಯುವ ಮೊದಲು ಹುಡುಗರ ನೆರವಿನ ಪತ್ರ ಕೇಳಿರಿ.

ಹೊರಗಿನ ದುಡ್ಡು ಬಂದಾಗ ಕಾಲೇಜು ನೆರವು ಕಡಿಯುವ ಬಗ್ಗೆ ಅಮೆರಿಕದಲ್ಲೂ ಜಗಳ ಇದೆ. ಮೇರಿಲ್ಯಾಂಡ್ ರಾಜ್ಯ 2017ರಲ್ಲಿ ಎಲ್ಲರಿಗಿಂತ ಮೊದಲು ತನ್ನ ಸಾರ್ವಜನಿಕ ಕಾಲೇಜುಗಳಿಗೆ ಕಡಿವಾಣ ಹಾಕಿತು. ಕ್ಯಾಲಿಫೋರ್ನಿಯಾದಲ್ಲಿ 2023–24ರಿಂದ ಬಡ ಮನೆಯ ಮಕ್ಕಳ ನೆರವನ್ನು ಹೀಗೆ ಕಡಿಯದಂತೆ ಕಾನೂನು ಬಂತು. ಆದರೆ ಅದು ಬಡ ಮನೆಯ ಮಕ್ಕಳಿಗೆ ಅಲ್ಲಿನ ಸರಕಾರ ಕೊಡುವ ಪೆಲ್ ಗ್ರ್ಯಾಂಟ್‌ನಂಥ ನೆರವಿಗೆ ಅರ್ಹರಾದವರಿಗೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಹೋಗುವ ನಮ್ಮ ಮಕ್ಕಳಿಗೆ ಅದರ ನೆರಳು ಸಿಗುವುದಿಲ್ಲ, ಕಾಲೇಜಿನ ನಿಯಮವೇ ನಮಗೆ ಕಾನೂನು.

ಇನ್ನೊಂದು ಸಂಗತಿಯನ್ನೂ ಕೇಂದ್ರ ನಮಗೆ ಹೇಳಲಿಲ್ಲ. ಅನುದಾನದಲ್ಲಿ ಶುಲ್ಕ, ಪುಸ್ತಕಕ್ಕೆ ಹೋಗುವ ಭಾಗಕ್ಕೆ ಅಲ್ಲಿ ತೆರಿಗೆ ಇಲ್ಲ. ವಸತಿ ಊಟಕ್ಕೆ ಹೋಗುವ ಭಾಗಕ್ಕೆ ಇದೆ, ಎಫ್-1 ಮಕ್ಕಳಿಂದ ಸಾಮಾನ್ಯವಾಗಿ 14 ಶೇಕಡಾ ಹಿಡಿಯುತ್ತಾರೆ. ದೊಡ್ಡ ಅನುದಾನ ಸಿಕ್ಕ ಮನೆಗಳು ಈ ಅಂಕಿಯನ್ನು ಮೊದಲೇ ಕಾಲೇಜಿಗೆ ಕೇಳಿ ಬರೆದಿಟ್ಟುಕೊಳ್ಳಬೇಕು. ನಮಗೆ ಅದು ಆಗಸ್ಟಿನಲ್ಲಿ, ಮಗಳು ಅಲ್ಲಿ ಇಳಿದ ಮೇಲೆ ತಿಳಿಯಿತು.

ಈಗ ಕೇಂದ್ರದ ಸೇವೆಗೆ ನನ್ನ ಅಂಕ. ಪ್ರಬಂಧ, ಸಿಎಸ್‌ಎಸ್ ಪ್ರೊಫೈಲ್, ವೀಸಾ ತಯಾರಿ, ಈ ಮೂರಕ್ಕೆ ಐದರಲ್ಲಿ ನಾಲ್ಕು. ಉತಾರ ಅನುವಾದ ಮಾಡಿದ ಆ ಹುಡುಗಿಗೆ ಐದಕ್ಕೆ ಐದು. ಸ್ಕಾಲರ್ಶಿಪ್ ಪ್ಯಾಕೇಜಿಗೆ ಒಂದೂ ಕೊಡಲಾರೆ, ಬಚ್ಚಿಡಿರಿ ಅಂದ ಮಾತಿಗಾಗಿ. 15,000 ಮರಳಿ ಕೇಳಿದೆ. ಎರಡು ತಿಂಗಳು ಅಡ್ಡಾಡಿಸಿ 5,000 ಕೊಟ್ಟರು.

ಕಳೆದ ತಿಂಗಳು ಅವರಿಂದ ಫೋನು ಬಂತು. ಹೊಸ ಫ್ಲೆಕ್ಸಿಗೆ ಮಗಳ ಫೋಟೋ ಬೇಕು ಅಂದರು. ಮಗಳನ್ನು ಕೇಳಿ ಹೇಳುತ್ತೇನೆ ಅಂದೆ. ಅವಳು ಅಲ್ಲಿಂದ ಹೇಳಿದ್ದು: ಕೊಡು ಅವ್ವಾ, ಆದರೆ ನಾನು ಬರೆದ ಆ ನಾಲ್ಕು ಪ್ರಶ್ನೆಗಳನ್ನು ಪ್ರಿಂಟ್ ತೆಗೆದು, ಸ್ಕಾಲರ್ಶಿಪ್ ಪಟ್ಟಿ ಕೊಡುವಾಗ ಅದರ ಮೇಲೆ ಪಿನ್ ಹಚ್ಚಿ ಕೊಡಲಿ. ನಾನು ಹಾಗೇ ತಿಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ, ಫೋಟೋ ನನ್ನ ಫೋನಿನಲ್ಲೇ ಇದೆ.